ಮಳೆಗಾಲದಲ್ಲಿ ನಮ್ಮ ಕರಾವಳಿಯ ಸೆಟಲೈಟ್ ಚಿತ್ರ ಬೇಕಾ? ರೇಡಾರ್ ಡೇಟಾ ಫ್ರೀ ಉಂಟು, ಆದ್ರೆ ಯಾವುದು ಅಂತ ನೋಡಿ ತಗೊಳ್ಳಿ

ಪ್ರಾಜೆಕ್ಟ್ ಸೀಸನ್ ಶುರು ಆದ್ರೆ ಸಾಕು, ಉಡುಪಿ ಮಂಗಳೂರು ಕಡೆಯ ಕಾಲೇಜು ಮಕ್ಕಳಿಂದ ನನಗೆ ಬರುವ ಮೆಸೇಜೆಲ್ಲ ಹೆಚ್ಚುಕಡಿಮೆ ಒಂದೇ ತರ. ನೆರೆ ಬಗ್ಗೆ ಮಾಡ್ಬೇಕು ಅಂತ ಇದ್ದೇವೆ, ಇಲ್ಲ ಕಡಲ್ಕೊರೆತದ ಬಗ್ಗೆ, ಜುಲೈ ತಿಂಗಳ ಇಮೇಜ್ ಎಲ್ಲಿ ಸಿಗ್ತದೆ, ನಾವು ನೋಡಿದ್ದರಲ್ಲಿ ಬರೀ ಮೋಡ ಉಂಟು ಅಂತ. ಆಟಿಯಲ್ಲಿ ಮೋಡ ಇರದೆ ಮತ್ತೆಂತ ಇರ್ಲಿಕ್ಕೆ ಮಾರಾಯ್ರೆ. ಲ್ಯಾಂಡ್‌ಸ್ಯಾಟ್, ಸೆಂಟಿನೆಲ್-2 ಎಲ್ಲ ಸೂರ್ಯನ ಬೆಳಕು ನಂಬಿಕೊಂಡು ಇರುವಂಥದ್ದು, ಜೂನಿಂದ ಸೆಪ್ಟೆಂಬರ್ ತನಕ ನಮ್ಮ ಊರಿನ ಮೇಲೆ ಅವು ಹಾದು ಹೋದ್ರೂ ಹೋಗದಿದ್ರೂ ಒಂದೇ. ಆ ನಾಲ್ಕು ತಿಂಗಳು ನೆಲ ಕಾಣುವುದು ರೇಡಾರ್‌ಗೆ ಮಾತ್ರ, ಅದು ತಾನೇ ಮೈಕ್ರೋವೇವ್ ಕಳಿಸಿ ನೆಲಕ್ಕೆ ಬಡಿದು ವಾಪಸ್ ಬಂದದ್ದನ್ನು ಅಳೆಯುವುದರಿಂದ ರಾತ್ರಿಯೋ ಹಗಲೋ ಮೋಡವೋ ಅದಕ್ಕೆ ಲೆಕ್ಕ ಇಲ್ಲ.

ಇದರ ಹಿಂದೆಯೇ ಬರುವ ಪ್ರಶ್ನೆ, ಅದಕ್ಕೆ ಪ್ರಿನ್ಸಿಪಾಲರ ಲೆಟರ್ ಬೇಕಾ ಸರ್, ಎಷ್ಟು ದುಡ್ಡು ಆಗ್ತದೆ. ಬೇಡ, ಆಗುದಿಲ್ಲ. ಒಂದು ಇಮೇಲ್ ಐಡಿ ಇದ್ರೆ ಆಯ್ತು. ಫ್ರೀ ಸಿಗುವುದನ್ನೇ ಡೌನ್‌ಲೋಡ್ ಮಾಡಿ ಸಿಡಿಗೆ ಹಾಕಿ ಮಕ್ಕಳ ಹತ್ರ ದುಡ್ಡು ತೆಗೆದುಕೊಂಡವರೂ ಇದ್ದಾರೆ, ಅದು ಬೇರೆ ಕಥೆ, ಬಿಡಿ.

ಫ್ರೀ ರೇಡಾರ್ ಅಂದ್ರೆ ಸದ್ಯಕ್ಕೆ ಮುಖ್ಯವಾಗಿ ಯುರೋಪಿನವರ ಸೆಂಟಿನೆಲ್-1. ಮೊದಲನೆಯ 1ಎ ಹಾರಿದ್ದು 2014ರ ಏಪ್ರಿಲ್‌ನಲ್ಲಿ, 1ಬಿ 2016ರಲ್ಲಿ. 1ಬಿ 2021ರ ಡಿಸೆಂಬರ್‌ನಲ್ಲಿ ಪವರ್ ಸಮಸ್ಯೆ ಬಂದು ನಿಂತು ಹೋಯ್ತು, ಅದರ ಜಾಗಕ್ಕೆ 1ಸಿ ಬಂದದ್ದು 2024ರ ಡಿಸೆಂಬರ್‌ನಲ್ಲಿ, 2025ರ ನವೆಂಬರ್‌ನಲ್ಲಿ 1ಡಿ ಕೂಡ ಮೇಲೆ ಹೋಗಿದೆ. ಒಂದು ಸೆಟಲೈಟ್ ಅದೇ ದಾರಿಯಲ್ಲಿ ವಾಪಸ್ ಬರ್ಲಿಕ್ಕೆ 12 ದಿನ. ಈ 12 ದಿನ ಅನ್ನುವುದನ್ನು ತಲೆಯಲ್ಲಿ ಇಟ್ಟುಕೊಳ್ಳಿ, ನೆರೆ ವಿಷಯ ಬಂದಾಗ ಮತ್ತೆ ಬೇಕಾಗ್ತದೆ. ನೆಲದ ಮೇಲೆ ಅದು ಸಾಮಾನ್ಯವಾಗಿ ತೆಗೆಯುವ ಮೋಡ್‌ನಲ್ಲಿ ಪಟ್ಟಿಯ ಅಗಲ 250 ಕಿಲೋಮೀಟರ್, ಹಾಗಾಗಿ ಕಡಲು, ತೀರ, ಘಟ್ಟ, ಘಟ್ಟದ ಮೇಲಿನ ಮಲೆನಾಡು ಎಲ್ಲ ಒಂದೇ ಸೀನಲ್ಲಿ ಬಂದು ಬಿಡ್ತದೆ.

ಎಲ್ಲಿ ಸಿಗ್ತದೆ ಅಂದ್ರೆ ಎರಡು ಬಾಗಿಲು. ಒಂದು ಕೊಪರ್ನಿಕಸ್ ಡೇಟಾ ಸ್ಪೇಸ್, ಇದು ಯುರೋಪಿನವರದ್ದೇ. ಯೂಟ್ಯೂಬ್‌ನ ಹಳೆ ವಿಡಿಯೋಗಳಲ್ಲಿ ಈಗಲೂ ಸೈಹಬ್ ಅಂತ ಒಂದು ತೋರಿಸ್ತಾರೆ, ಅದು 2023ರಲ್ಲಿ ಬಂದ್ ಆಗಿದೆ, ಅದನ್ನು ಹುಡುಕ್ತಾ ಕೂತ್ಕೊಳ್ಬೇಡಿ. ಡೇಟಾ ಸ್ಪೇಸ್‌ನ ಬ್ರೌಸರ್ ತೆರೆದು ಮ್ಯಾಪಲ್ಲಿ ಉಡುಪಿಗೆ ಹೋಗಿ ಸೆಂಟಿನೆಲ್-1 ಅಂತ ಆರಿಸಿ ತಾರೀಕು ಕೊಟ್ರೆ ಅಲ್ಲೇ ಚಿತ್ರ ಕಾಣ್ತದೆ, ಇಡೀ ಫೈಲ್ ಇಳಿಸುವ ಅಗತ್ಯವೇ ಇಲ್ಲ, ನಿಮಗೆ ಬೇಕಾದ ತುಂಡಿಗೆ ಬಾಕ್ಸ್ ಎಳೆದು ಅಷ್ಟನ್ನೇ ಜಿಯೋಟಿಫ್ (ಮ್ಯಾಪಿನ ಜಾಗದ ಗುರುತು ಒಳಗೇ ಇರುವ ಚಿತ್ರದ ಫೈಲ್) ಆಗಿ ತೆಗೆದುಕೊಳ್ಳಬಹುದು. ಇನ್ನೊಂದು ಬಾಗಿಲು ಅಲಾಸ್ಕಾ ಸೆಟಲೈಟ್ ಫೆಸಿಲಿಟಿ, ಅವರ ಹುಡುಕುವ ಪೇಜಿನ ಹೆಸರು ವರ್ಟೆಕ್ಸ್. ನಾಸಾದ ಅರ್ಥ್‌ಡೇಟಾ ಅಕೌಂಟ್ ಮಾಡಿಕೊಳ್ಬೇಕು, ಅದೂ ಫ್ರೀ. ನನಗೆ ಕೇಳಿದ್ರೆ ಹುಡುಕ್ಲಿಕ್ಕೆ ವರ್ಟೆಕ್ಸೇ ಲಾಯ್ಕು, ಯಾವ ಪಾಸ್ (ಸೆಟಲೈಟ್ ನಮ್ಮ ಮೇಲಿಂದ ಒಮ್ಮೆ ಹಾದು ಹೋಗುವುದು) ಯಾವ ದಿನ ಅಂತ ಪಟಪಟ ಗೊತ್ತಾಗ್ತದೆ, ಮತ್ತೆ ಅಲ್ಲಿ ಹಳೆಯ ರೇಡಾರ್ ಸೆಟಲೈಟುಗಳಾದ ಇಆರ್‌ಎಸ್, ರಾಡಾರ್‌ಸ್ಯಾಟ್-1, ಅಲೋಸ್ ಪಾಲ್ಸಾರ್, ಅಷ್ಟೇ ಯಾಕೆ 1978ರಲ್ಲಿ ಹಾರಿ ಮೂರೂವರೆ ತಿಂಗಳಿಗೆ ಕೆಟ್ಟುಹೋದ ಸೀಸ್ಯಾಟ್‌ನ ಡೇಟಾ ಕೂಡ ಇಟ್ಟಿದ್ದಾರೆ.

ಹುಡುಕಿದ ಮೇಲೆ ಬರುವ ಫೈಲ್ ಹೆಸರು ನೋಡಿ ಸುಮಾರು ಜನ ಅಲ್ಲೇ ಹೆದರ್ತಾರೆ. ಎಸ್‌1ಎ, ಐಡಬ್ಲ್ಯೂ, ಜಿಆರ್‌ಡಿಎಚ್, 1ಎಸ್‌ಡಿವಿ, ಆಮೇಲೆ ಉದ್ದುದ್ದ ನಂಬರು. ಅದರಲ್ಲಿ ಹೆದರುವಂಥದ್ದು ಎಂತದ್ದೂ ಇಲ್ಲ. ಎಸ್‌1ಎ ಯಾವ ಸೆಟಲೈಟ್ ಅಂತ, ಐಡಬ್ಲ್ಯೂ ಆ 250 ಕಿಲೋಮೀಟರ್ ಅಗಲದ ಮೋಡ್, ಜಿಆರ್‌ಡಿಎಚ್ ಪ್ರಾಡಕ್ಟಿನ ನಮೂನೆ, ಡಿವಿ ಅಂದ್ರೆ ವಿವಿ ಮತ್ತು ವಿಎಚ್ ಎರಡೂ ಪೋಲರೈಸೇಶನ್ ಉಂಟು ಅಂತ (ತರಂಗ ನೆಟ್ಟಗೆ ಕಳಿಸಿ ನೆಟ್ಟಗಿನದ್ದನ್ನೇ ಅಳೆದ್ರೆ ವಿವಿ, ಅಡ್ಡದ್ದನ್ನು ಅಳೆದ್ರೆ ವಿಎಚ್), ಆಮೇಲೆ ಬರುವುದು ಚಿತ್ರ ಶುರುವಾದ ಮತ್ತು ಮುಗಿದ ತಾರೀಕು ಸಮಯ. ಆ ಸಮಯ ನಮ್ಮದಲ್ಲ ಆಯ್ತಾ, ಯುಟಿಸಿ, ಅದಕ್ಕೆ ಐದೂವರೆ ಗಂಟೆ ಸೇರಿಸ್ಬೇಕು. ಹಾಗೆ ಸೇರಿಸಿದ್ರೆ ನಮ್ಮಲ್ಲಿ ಬೆಳಿಗ್ಗೆ ಆರರ ಆಸುಪಾಸು ಇಲ್ಲವೇ ಸಂಜೆ ಆರರ ಆಸುಪಾಸು ಬರ್ತದೆ, ಈ ಸೆಟಲೈಟಿನ ಕಕ್ಷೆಯೇ ಹಾಗೆ. ಕಡಲ ತೀರದ ಕೆಲಸ ಮಾಡುವವರು ಈ ಸಮಯವನ್ನು ಬರೆದಿಟ್ಟುಕೊಳ್ಳಲೇಬೇಕು, ಯಾಕಂದ್ರೆ ಅದೇ ಹೊತ್ತಿಗೆ ಭರತ ಇತ್ತಾ ಇಳಿತ ಇತ್ತಾ ಅಂತ ನೋಡದೆ ಎರಡು ವರ್ಷದ ತೀರ ರೇಖೆಯನ್ನು ಹೋಲಿಸಿ ಸೋಮೇಶ್ವರದಲ್ಲಿ ಇಷ್ಟು ಮೀಟರ್ ಕೊರೆದಿದೆ ಅಂತ ಬರೆದ್ರೆ ಅದು ಕೊರೆತವೋ ಬರೀ ಇಳಿತವೋ ಅಂತ ಯಾರಿಗೂ ಗೊತ್ತಾಗ್ಲಿಕ್ಕಿಲ್ಲ.

ಜಿಆರ್‌ಡಿ ಮತ್ತು ಎಸ್‌ಎಲ್‌ಸಿ ಅಂತ ಪ್ರಾಡಕ್ಟಿನ ಎರಡು ನಮೂನೆ ಕಾಣ್ತದೆ, ಯಾವುದು ತಗೊಳ್ಳುವುದು? ನೆಲ ಎಷ್ಟು ಇಂಚು ಕುಸಿದಿದೆ, ಗುಡ್ಡ ಜಾರ್ತಾ ಉಂಟಾ ಅಂತ ಅಳೆಯುವ ಇನ್‌ಸಾರ್ ಕೆಲಸಕ್ಕೆ (ಎರಡು ತಾರೀಕಿನ ರೇಡಾರ್ ಚಿತ್ರ ಹೋಲಿಸಿ ನೋಡುವುದು) ಫೇಸ್, ಅಂದ್ರೆ ವಾಪಸ್ ಬಂದ ತರಂಗ ಏರಿಳಿತದ ಯಾವ ಹಂತದಲ್ಲಿತ್ತು ಅನ್ನುವ ಲೆಕ್ಕ ಬೇಕು, ಅದು ಎಸ್‌ಎಲ್‌ಸಿಯಲ್ಲಿ ಮಾತ್ರ ಇರುವುದು, ಫೈಲ್ ಒಂದೊಂದೂ ಹಲವು ಜಿಬಿ. ಉಳಿದ ಎಲ್ಲದಕ್ಕೂ, ನೀರು, ಗದ್ದೆ, ಕಾಡು, ಹಡಗು, ಜಿಆರ್‌ಡಿ ಸಾಕು. ಜಿಆರ್‌ಡಿಯ ಪಿಕ್ಸೆಲ್ 10 ಮೀಟರ್ ಅಂತ ಬರೆದಿರ್ತದೆ, ಆದ್ರೆ ನಿಜವಾಗಿ ಅದು ಬೇರ್ಪಡಿಸಿ ತೋರಿಸುವುದು ಸುಮಾರು 20 ಮೀಟರ್ ಮಟ್ಟದ್ದು. ಥೀಸಿಸಲ್ಲಿ 10 ಮೀಟರ್ ರೆಸಲ್ಯೂಶನ್ ಅಂತ ಬರೆದವರನ್ನು ವೈವಾದಲ್ಲಿ ಇದೇ ಪ್ರಶ್ನೆ ಕೇಳಿ ಹಿಡಿಯಬಹುದು, ಹಿಡಿಯುವವರು ಕಡಿಮೆ ಅಷ್ಟೆ.

ಸ್ನ್ಯಾಪ್ ಅಂತ ಯುರೋಪಿನವರ ಸಾಫ್ಟ್‌ವೇರ್ ಉಂಟು, ಅದೂ ಫ್ರೀ. ಆರ್ಬಿಟ್ ಫೈಲ್ ಹಾಕು, ಥರ್ಮಲ್ ನಾಯ್ಸ್ ತೆಗೆ, ಕ್ಯಾಲಿಬ್ರೇಶನ್ ಮಾಡು, ಸ್ಪೆಕಲ್ ಫಿಲ್ಟರ್ (ಚುಕ್ಕಿ ಚುಕ್ಕಿ ಕಮ್ಮಿ ಮಾಡುವುದು), ಟೆರೇನ್ ಕರೆಕ್ಶನ್ (ಗುಡ್ಡ ಕಣಿವೆಯಿಂದ ಆದ ಓರೆ ಸರಿ ಮಾಡಿ ಮ್ಯಾಪಿಗೆ ಕೂರಿಸುವುದು), ಕೊನೆಗೆ ಡೆಸಿಬಲ್‌ಗೆ ಪರಿವರ್ತನೆ, ಹೀಗೆ ಸಾಲಾಗಿ ಮಾಡಿಕೊಂಡು ಹೋಗ್ಬೇಕು. ಒಮ್ಮೆ ಕೈಯಾರೆ ಮಾಡಿದ್ರೆ ಒಳಗೆ ಎಂತ ಆಗ್ತದೆ ಅಂತ ತಿಳೀತದೆ, ಆದ್ರೆ 8 ಜಿಬಿ ರ‍್ಯಾಮಿನ ಲ್ಯಾಪ್‌ಟಾಪಲ್ಲಿ ಇಡೀ ಸೀನ್ ಹಾಕಿದ್ರೆ ನೀವು ಊಟ ಮಾಡಿ ಮಲಗಿ ಎದ್ದು ಬಂದ್ರೂ ಅದು ಅಲ್ಲೇ ಇರ್ತದೆ, ಮೇಲಿಂದ ಮಳೆಗಾಲದ ಕರೆಂಟು. ಅದಕ್ಕೆ ನಾನು ಹೇಳುವುದು ಒಂದೋ ಗೂಗಲ್ ಅರ್ಥ್ ಇಂಜಿನ್‌ಗೆ (ಗೂಗಲಿನವರ ಕಂಪ್ಯೂಟರಲ್ಲೇ ಸೆಟಲೈಟ್ ಡೇಟಾ ಓಡಿಸುವ ಜಾಗ) ಹೋಗಿ, ಇಲ್ಲ ಅಲಾಸ್ಕಾದವರ ಹೈಪ್‌3ಗೆ ಹೋಗಿ. ಹೈಪ್‌3ಯಲ್ಲಿ ನಿಮಗೆ ಬೇಕಾದ ಸೀನ್ ಆರಿಸಿ ಆರ್ಡರ್ ಕೊಟ್ರೆ ಅವರ ಕಂಪ್ಯೂಟರಲ್ಲೇ ಟೆರೇನ್ ಕರೆಕ್ಶನ್ ಆಗಿಯೋ ಇನ್‌ಸಾರ್ ಜೋಡಿ ಆಗಿಯೋ ತಯಾರಾಗಿ ಬರ್ತದೆ, ತಿಂಗಳಿಗೆ ಇಷ್ಟು ಅಂತ ಕ್ರೆಡಿಟ್ ಕೊಡ್ತಾರೆ, ಒಬ್ಬ ವಿದ್ಯಾರ್ಥಿಗೆ ಅದು ಧಾರಾಳ. ಅರ್ಥ್ ಇಂಜಿನಲ್ಲಿ ಸೆಂಟಿನೆಲ್-1ರ ಜಿಆರ್‌ಡಿ ಪೂರ್ತಿ ಸಂಗ್ರಹ ರೆಡಿಯಾಗಿ ಡೆಸಿಬಲಲ್ಲೇ ಕೂತಿದೆ, ಎಸ್‌ಎಲ್‌ಸಿ ಮಾತ್ರ ಅಲ್ಲಿಲ್ಲ. ಅಲ್ಲಿ ಒಂದೇ ಒಂದು ಎಚ್ಚರಿಕೆ, ಉತ್ತರಕ್ಕೆ ಹೋಗುವ ಪಾಸ್ ಮತ್ತು ದಕ್ಷಿಣಕ್ಕೆ ಬರುವ ಪಾಸ್ ಬೆರೆಸ್ಬೇಡಿ. ರೇಡಾರ್ ಓರೆಯಾಗಿ ಒಂದೇ ಬದಿಗೆ ನೋಡುವುದು, ಘಟ್ಟದ ಒಂದು ಮೈ ಒಂದು ಪಾಸಲ್ಲಿ ಬೆಳ್ಳಗೆ ಮಡಚಿಕೊಂಡು ಬಿದ್ದ ಹಾಗೆ ಕಾಣ್ತದೆ, ಇನ್ನೊಂದರಲ್ಲಿ ಅದೇ ಮೈ ಬೇರೆ ತರ. ಎರಡನ್ನೂ ಸೇರಿಸಿ ಸರಾಸರಿ ತೆಗೆದು ಚಾರ್ಮಾಡಿಯಲ್ಲಿ ಕಾಡು ಬದಲಾಗಿದೆ ಅಂದ್ರೆ ಬದಲಾದದ್ದು ಕಾಡಲ್ಲ, ನೋಡಿದ ದಿಕ್ಕು.

ಈಗ ನಮ್ಮ ಊರಲ್ಲಿ ಎಂತ ಕಾಣ್ತದೆ ಅನ್ನುವುದಕ್ಕೆ ಬರ್ತೇನೆ, ನಿಜವಾಗಿ ನಾನು ಬರೀಬೇಕು ಅಂತ ಕೂತದ್ದು ಇದನ್ನೇ. ಮಂಗಳೂರಿನ ಅಳಿವೆಬಾಗಿಲು ತೆಗೆದು ನೋಡಿ, ನೇತ್ರಾವತಿ ಮತ್ತು ಗುರುಪುರ ಹೊಳೆ ಸೇರಿ ಕಡಲಿಗೆ ಹೋಗುವ ಜಾಗ. ಹೊಳೆಯ ನೀರು ನಯವಾಗಿರುವುದರಿಂದ ಸಿಗ್ನಲ್ ಆಚೆ ಕಡೆಗೆ ಜಾರಿ ಹೋಗ್ತದೆ, ಸೆಟಲೈಟಿಗೆ ವಾಪಸ್ ಬರುದಿಲ್ಲ, ಹೊಳೆ ಕಪ್ಪು. ಅದರ ಮೇಲೆ ಅಡ್ಡಕ್ಕೆ ರೈಲ್ವೆ ಬ್ರಿಡ್ಜು ಹೈವೇ ಬ್ರಿಡ್ಜು ಗೆರೆ ಎಳೆದ ಹಾಗೆ ಬೆಳ್ಳಗೆ. ಅಲ್ಲೇ ಹೊರಗೆ ಕಡಲು ಅಷ್ಟು ಕಪ್ಪಿಲ್ಲ, ಗಾಳಿಗೆ ತೆರೆ ಎದ್ದು ಬೂದು ಬಣ್ಣ, ಮಳೆಗಾಲದಲ್ಲಿ ಇನ್ನೂ ಬೆಳ್ಳಗೆ. ಪಣಂಬೂರಿನ ಹೊರಗೆ ಆಂಕರ್ ಹಾಕಿ ನಿಂತ ಹಡಗುಗಳು ಚುಕ್ಕಿ ಚುಕ್ಕಿಯಾಗಿ ಹೊಳೀತವೆ, ಕಬ್ಬಿಣದ ಮೂಲೆ ಮೂಲೆ ಇರುವುದು ಯಾವುದಾದ್ರೂ ರೇಡಾರ್‌ಗೆ ಹಬ್ಬ. ವಿವಿಯಲ್ಲಿ ತೆರೆಯ ಗಲಾಟೆ ಜಾಸ್ತಿ, ಹಡಗು ಹುಡುಕುವವರು ವಿಎಚ್ ನೋಡಿ, ಕಡಲು ತಣ್ಣಗಿರ್ತದೆ, ಹಡಗು ಎದ್ದು ಕಾಣ್ತದೆ.

ಎಣ್ಣೆ ಜಿಡ್ಡು ಕೂಡ ಕಾಣ್ತದೆ ಅಂತ ಹೇಳ್ತಾರೆ, ಹೌದು, ಎಣ್ಣೆ ಸಣ್ಣ ತೆರೆಗಳನ್ನು ಅಡಗಿಸುವುದರಿಂದ ಆ ಜಾಗ ಕಪ್ಪಾಗ್ತದೆ. 2022ರ ಜೂನ್‌ನಲ್ಲಿ ಉಳ್ಳಾಲದ ಬಟ್ಟಪಾಡಿ ಹತ್ರ ಪ್ರಿನ್ಸೆಸ್ ಮಿರಾಲ್ ಹಡಗು ಮುಳುಗಿದಾಗ, 2025ರ ಜೂನ್‌ನಲ್ಲಿ ಕೇರಳದ ಆಚೆ ವಾನ್ ಹೈ 503ಕ್ಕೆ ಬೆಂಕಿ ಬಿದ್ದು ಸಿಬ್ಬಂದಿಯನ್ನು ಮಂಗಳೂರಿಗೆ ತಂದಾಗ ಎಲ್ಲರಿಗೂ ಇದೇ ಹೆದರಿಕೆ ಇತ್ತು. ಆದ್ರೆ ಎರಡೂ ಜೂನ್ ಅಲ್ವಾ. ಗಾಳಿ ತೀರಾ ಜೋರಿದ್ರೆ ಎಣ್ಣೆ ನೀರಲ್ಲಿ ಕಲಸಿ ಹೋಗಿ ಗುರುತು ಸಿಗುದಿಲ್ಲ, ಗಾಳಿಯೇ ಇಲ್ಲದಿದ್ರೆ ಎಣ್ಣೆ ಇಲ್ಲದ ಕಡಲೂ ಕಪ್ಪು. ಹಾಗಾಗಿ ಕಪ್ಪು ಕಂಡ ಕೂಡಲೇ ಎಣ್ಣೆ ಅಂತ ವಾಟ್ಸಾಪಲ್ಲಿ ಹಾಕ್ಬೇಡಿ, ಅವತ್ತಿನ ಗಾಳಿ ಎಷ್ಟಿತ್ತು ಅಂತ ಮೊದಲು ನೋಡಿ.

ಗದ್ದೆಗೆ ಬಂದ್ರೆ ರೇಡಾರ್ ಭಾರಿ ಚೆಂದದ್ದು. ಏಣೆಲು ಬೆಳೆ, ಅಂದ್ರೆ ಮಳೆಗಾಲದ ಭತ್ತ, ಪೂರ್ತಿ ಮೋಡದ ಅಡಿಯಲ್ಲೇ ಆಗುವುದು, ನೇಜಿ ನೆಡುವಾಗ ಗದ್ದೆ ತುಂಬ ನೀರು, ವಿಎಚ್ ಕೆಳಗೆ ಬೀಳ್ತದೆ, ಪೈರು ಮೇಲೆ ಬಂದ ಹಾಗೆ ಮೆಲ್ಲ ಏರ್ತದೆ, ಕೊಯ್ಲಿಗೆ ಮತ್ತೆ ಬದಲಾಗ್ತದೆ. ಒಂದು ವರ್ಷದ ಗ್ರಾಫ್ ತೆಗೆದ್ರೆ ಯಾವ ಬೈಲಲ್ಲಿ ಏಣೆಲು ಮಾತ್ರ, ಯಾವುದರಲ್ಲಿ ಎರಡನೇ ಬೆಳೆ ಸುಗ್ಗಿಯೂ ಉಂಟು, ಯಾವುದು ಬೆಳೆ ಇಲ್ಲದೆ ಹಡಿಲು ಬಿದ್ದಿದೆ ಅಂತ ತಕ್ಕಮಟ್ಟಿಗೆ ಹೇಳಬಹುದು. ತಕ್ಕಮಟ್ಟಿಗೆ ಅಂತ ಯಾಕೆ ಹೇಳಿದ್ದು ಅಂದ್ರೆ ನಮ್ಮ ಬೈಲುಗಳು ಪಂಜಾಬಿನ ಗದ್ದೆ ಅಲ್ಲ, ಎರಡು ಗುಡ್ಡದ ನಡುವೆ ಸಪೂರಕ್ಕೆ ಹೋಗ್ತವೆ, ಬದಿಯಲ್ಲಿ ತೆಂಗು ಅಡಿಕೆ, ಆ ಮರಗಳ ನೆರಳು ಮತ್ತು ಹೊಳಪು ಗದ್ದೆಯೊಳಗೆ ಬಂದು ಬೀಳ್ತದೆ. ನಾಲ್ಕೈದು ಪಿಕ್ಸೆಲ್ ಅಗಲ ಕೂಡ ಇಲ್ಲದ ಬೈಲನ್ನು ಬಿಟ್ಟು ಬಿಡಿ, ಬ್ರಹ್ಮಾವರ ಕಡೆಯ ದೊಡ್ಡ ಬೈಲುಗಳಲ್ಲಿ ಮಾಡಿ. ಮತ್ತೆ ಸ್ಪೆಕಲ್, ಆ್ಯಂಟೆನಾ ಸರಿ ಇಲ್ಲದ ಹಳೆ ಟಿವಿಯಲ್ಲಿ ಬರ್ತಿತ್ತಲ್ಲ, ಹಾಗೆ ಚುಕ್ಕಿ ಚುಕ್ಕಿ, ಅದನ್ನು ತೆಗೀಲಿಕ್ಕೆ ದೊಡ್ಡ ಫಿಲ್ಟರ್ ಹಾಕಿದ್ರೆ ಸಪೂರದ ಗದ್ದೆ ಅದರ ಒಟ್ಟಿಗೇ ಅಳಿಸಿ ಹೋಗ್ತದೆ. ಒಂದೇ ಪಾಸಿನ ಹಲವು ತಾರೀಕುಗಳ ಸರಾಸರಿ ತೆಗೆಯುವುದು ಅದಕ್ಕಿಂತ ಒಳ್ಳೇದು.

ನೆರೆ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಬೇರೆ, ಮಕ್ಕಳಿಗೆ ಬೇಜಾರಾಗ್ತದೆ, ಆದ್ರೂ ಹೇಳ್ತೇನೆ. ಅಸ್ಸಾಂ ಬಿಹಾರದಲ್ಲಿ ನೆರೆ ಬಂದ್ರೆ ವಾರಗಟ್ಟಲೆ ನಿಲ್ತದೆ, ಸೆಟಲೈಟ್ ಯಾವತ್ತು ಬಂದ್ರೂ ಸಿಗ್ತದೆ. ನಮ್ಮ ಹೊಳೆಗಳು ಘಟ್ಟದಿಂದ ಹೊರಟು ಕಡಲು ಸೇರುವ ದೂರವೇ ಸಣ್ಣದು, ರಾತ್ರಿ ಏರಿದ ನೀರು ಒಂದೆರಡು ದಿನದಲ್ಲಿ ಇಳಿದು ಹೋಗ್ತದೆ. 2020ರ ಸೆಪ್ಟೆಂಬರ್ 20ರ ಉಡುಪಿ ನೆರೆ ನೆನಪುಂಟಲ್ಲ, ರಾತ್ರಿ ಬೆಳಗಾಗುವುದರೊಳಗೆ ಮನೆಯೊಳಗೆ ನೀರು. 12 ದಿನಕ್ಕೊಮ್ಮೆ ಬರುವವನು ಸರಿಯಾಗಿ ಆ ಬೆಳಿಗ್ಗೆಯೇ ಬರ್ಬೇಕು ಅಂದ್ರೆ ಅದೃಷ್ಟ ಬೇಕು. ಹಾಗಾಗಿ ಟೈಟಲ್ ಫಿಕ್ಸ್ ಮಾಡುವ ಮೊದಲು ವರ್ಟೆಕ್ಸ್‌ನಲ್ಲಿ ಆ ವಾರದ ಪಾಸ್ ಉಂಟಾ ನೋಡಿ, ಗೈಡ್ ಹತ್ರ ಟೈಟಲ್ ಒಪ್ಪಿಸಿದ ಮೇಲೆ ನೋಡುವುದಲ್ಲ. ಇನ್ನೊಂದು, ಅಡಿಕೆ ತೋಟದೊಳಗೆ ಸೊಂಟದ ತನಕ ನೀರು ನಿಂತಿದ್ರೂ ಸೆಂಟಿನೆಲ್-1ಕ್ಕೆ ಅದು ಕಾಣುವುದು ಕಷ್ಟ. ಅದರದ್ದು ಸಿ ಬ್ಯಾಂಡ್, ತರಂಗದ ಉದ್ದ 5.5 ಸೆಂಟಿಮೀಟರ್ ಅಷ್ಟೆ, ಸೋಗೆಗೇ ಬಡಿದು ಅಲ್ಲಿಂದಲೇ ವಾಪಸ್ ಹೋಗ್ತದೆ, ನೆಲದ ತನಕ ಇಳಿಯುದಿಲ್ಲ. ಮ್ಯಾಪಲ್ಲಿ ತೋಟ ಒಣಗಿದ ಹಾಗೇ ಇರ್ತದೆ.

ಇಲ್ಲಿಗೇ ನಮ್ಮ ಊರಿನ ಮುಖ್ಯ ತಕರಾರು ಬರುವುದು. ಇಷ್ಟು ಹಸಿರು ಇರುವ ಕಡೆ ಸಿ ಬ್ಯಾಂಡಿನ ಇನ್‌ಸಾರ್ ನಡೆಯುವುದು ಕಷ್ಟ, 12 ದಿನದಲ್ಲಿ ಎಲೆ ಎಲ್ಲ ಅಲ್ಲಾಡಿ ಎರಡು ಚಿತ್ರದ ಫೇಸ್ ಒಂದಕ್ಕೊಂದು ತಾಳೆ ಆಗುದಿಲ್ಲ. ಮಂಗಳೂರು ಪೇಟೆಯ ಕಟ್ಟಡಗಳ ಮೇಲೆ ಆಗ್ತದೆ, ಶಿರಾಡಿ ಘಾಟಿಯ ಗುಡ್ಡ ಜರಿತಕ್ಕೆ ಅಂತ ಹೊರಟ್ರೆ ಇಂಟರ್‌ಫೆರೋಗ್ರಾಮ್ (ಎರಡು ಚಿತ್ರದ ಫೇಸ್ ವ್ಯತ್ಯಾಸ ತೋರಿಸುವ ಚಿತ್ರ) ಪೂರ್ತಿ ಗಿಜಿಬಿಜಿ. ಅಲ್ಲಿಗೆ ಬೇಕಾದದ್ದು ಎಲ್ ಬ್ಯಾಂಡ್, ತರಂಗ ಸುಮಾರು 24 ಸೆಂಟಿಮೀಟರ್, ಎಲೆ ದಾಟಿ ಕೊಂಬೆ, ಕಾಂಡ, ನೆಲಕ್ಕೆ ಹೋಗುವಂಥದ್ದು. ಜಪಾನಿನವರ ಅಲೋಸ್ ಪಾಲ್ಸಾರ್ ಇದೇ ಬ್ಯಾಂಡ್, 2006ರಿಂದ 2011ರ ತನಕದ್ದು ವರ್ಟೆಕ್ಸಲ್ಲೇ ಫ್ರೀ.

ಪಾಲ್ಸಾರ್ ಅಂದ ಕೂಡಲೇ ಒಂದು ಹೇಳದೆ ಮುಂದೆ ಹೋಗ್ಲಿಕ್ಕೆ ಆಗುದಿಲ್ಲ. ಅಲ್ಲಿಂದ 12.5 ಮೀಟರ್ ಡಿಇಎಂ (ನೆಲದ ಎತ್ತರದ ಮ್ಯಾಪು) ಅಂತ ಇಳಿಸಿಕೊಂಡು ಥೀಸಿಸಲ್ಲಿ ಹೈ ರೆಸಲ್ಯೂಶನ್ ಡಿಇಎಂ ಅಂತ ಹಾಕುವವರು ಎಷ್ಟು ಜನ! ಅದು ಪಾಲ್ಸಾರ್‌ನಿಂದ ಮಾಡಿದ ಡಿಇಎಂ ಅಲ್ಲವೇ ಅಲ್ಲ, ನಮ್ಮ ಕಡೆಗೆ ಕೊಡುವುದು ನಾಸಾದ ಹಳೆಯ ಎತ್ತರದ ಡೇಟಾ ಎಸ್‌ಆರ್‌ಟಿಎಂನ್ನೇ ಸಣ್ಣ ಪಿಕ್ಸೆಲ್‌ಗೆ ಎಳೆದದ್ದು, ಟೆರೇನ್ ಕರೆಕ್ಶನ್‌ಗೆ ಅಂತ ಒಟ್ಟಿಗೆ ಇಟ್ಟಿದ್ದಾರೆ. ಮೇಲಿಂದ ಅದರ ಎತ್ತರ ಸಮುದ್ರ ಮಟ್ಟದಿಂದ ಅಲ್ಲ, ಎಲಿಪ್ಸಾಯ್ಡಿನಿಂದ, ಅಂದ್ರೆ ಭೂಮಿಯ ಆಕಾರಕ್ಕೆ ಅಂತ ಲೆಕ್ಕದಲ್ಲಿ ಇಟ್ಟುಕೊಂಡ ನಯವಾದ ಚಪ್ಪಟೆ ಗೋಳದಿಂದ. ದಕ್ಷಿಣ ಭಾರತದ ಕಡೆ ಸಮುದ್ರ ಮಟ್ಟವೇ ಎಲಿಪ್ಸಾಯ್ಡಿಗಿಂತ ಎಂಬತ್ತು ತೊಂಬತ್ತು ಮೀಟರ್ ಕೆಳಗೆ ಇರುವುದರಿಂದ ಆ ಫೈಲಲ್ಲಿ ಮಲ್ಪೆ ಬೀಚು, ಮಂಗಳೂರಿನ ಬಂದರು ಎಲ್ಲ ಮೈನಸ್ಸಲ್ಲಿ ಇರ್ತದೆ. ಅದನ್ನು ಹಾಗೇ ಹಾಕಿ ನೆರೆಯ ಮಾಡೆಲ್ ಓಡಿಸಿದ ರಿಪೋರ್ಟ್ ನಾನೇ ನೋಡಿದ್ದೇನೆ, ಯಾರದ್ದು ಅಂತ ಕೇಳ್ಬೇಡಿ. ಡಿಇಎಂ ಬೇಕಿದ್ರೆ ಕೊಪರ್ನಿಕಸ್‌ನ 30 ಮೀಟರಿನದ್ದು ತಗೊಳ್ಳಿ, ಟ್ಯಾನ್‌ಡೆಮ್-ಎಕ್ಸ್ ರೇಡಾರ್‌ನಿಂದ ಆದದ್ದು, 2000ದ ಫೆಬ್ರವರಿಯ ಎಸ್‌ಆರ್‌ಟಿಎಂಗಿಂತ ಎಷ್ಟೋ ಹೊಸತು. ಎರಡರಲ್ಲೂ ತೆಂಗಿನ ತೋಟದ ಎತ್ತರ ನೆಲದ್ದಲ್ಲ ಅನ್ನುವುದು ಬೇರೆ ಮಾತು.

ಈಗ ನಿಸಾರ್. ಇಸ್ರೋ ಮತ್ತು ನಾಸಾ ಸೇರಿ 2025ರ ಜುಲೈ 30ಕ್ಕೆ ಶ್ರೀಹರಿಕೋಟಾದಿಂದ ಹಾರಿಸಿದ್ದು, 12 ಮೀಟರ್ ಅಗಲದ ಜಾಲರಿ ಆ್ಯಂಟೆನಾ, ನಾಸಾದ್ದು ಎಲ್ ಬ್ಯಾಂಡ್, ನಮ್ಮವರದ್ದು ಎಸ್ ಬ್ಯಾಂಡ್, ಇದೂ 12 ದಿನಕ್ಕೊಮ್ಮೆ. ಡೇಟಾ ಫ್ರೀ ಅಂತ ಮೊದಲೇ ಹೇಳಿದ್ದಾರೆ, ನಾಸಾ ಕಡೆಯದ್ದಕ್ಕೆ ಬಾಗಿಲು ಅದೇ ಅಲಾಸ್ಕಾದವರದ್ದು, ಅಕೌಂಟ್ ಬೇರೆ ಬೇಡ. ಫೈಲು ಎಚ್‌ಡಿಎಫ್5 ನಮೂನೆಯಲ್ಲಿ, ಸ್ವಲ್ಪ ಪೈಥಾನ್ ಗೊತ್ತಿದ್ರೆ ಆರಾಮ. ನಮ್ಮ ಘಟ್ಟಕ್ಕೆ, ತೋಟಕ್ಕೆ ಹೇಳಿ ಮಾಡಿಸಿದ್ದು ಅಂದ್ರೆ ಇದು, ಈಗ ಇನ್‌ಸಾರ್ ಅಂತ ಹೊರಡುವವರು ಸೆಂಟಿನೆಲ್ ಮೇಲೆ ಒಂದು ವರ್ಷ ಹಾಳು ಮಾಡುವ ಮೊದಲು ನಿಸಾರ್ ಕಡೆ ಒಮ್ಮೆ ನೋಡಿ. ಹಾಗಂತ ಮಳೆಗಾಲದಲ್ಲಿ ಎಲ್ ಬ್ಯಾಂಡೂ ಪವಾಡ ಮಾಡುದಿಲ್ಲ, ಮಣ್ಣು ಒದ್ದೆ ಆದ್ರೂ ಫೇಸ್ ಬದಲಾಗ್ತದೆ.

ನಮ್ಮವರದ್ದೇ ಭೂನಿಧಿ ಅಂತ ಪೋರ್ಟಲ್ ಉಂಟು, ಹೈದರಾಬಾದಿನಲ್ಲಿರುವ ಇಸ್ರೋದ ಎನ್‌ಆರ್‌ಎಸ್‌ಸಿಯವರದ್ದು. 2012ರ ರಿಸ್ಯಾಟ್-1, 2022ರ ಫೆಬ್ರವರಿಯಲ್ಲಿ ಹಾರಿದ ಇಒಎಸ್-04 ಎರಡೂ ಸಿ ಬ್ಯಾಂಡ್ ರೇಡಾರ್, ರಿಜಿಸ್ಟರ್ ಮಾಡಿ ಹುಡುಕಿ ನೋಡಿ, ಸೆಂಟಿನೆಲ್ ಬಾರದ ದಿನ ಅದು ಬಂದಿರಬಹುದು, ನೆರೆಯವರಿಗೆ ಅದೇ ಒಂದು ಆಸೆ. ಉಂಬ್ರಾ, ಕಪೆಲ್ಲಾದಂಥ ಕಂಪೆನಿಗಳೂ ಕೆಲವು ಚಿತ್ರ ಫ್ರೀ ಬಿಟ್ಟಿದ್ದಾರೆ, ಒಂದು ಮೀಟರಿಗಿಂತ ಸೂಕ್ಷ್ಮದ್ದು, ನೋಡ್ಲಿಕ್ಕೆ ಕಣ್ಣಿಗೆ ಹಬ್ಬ, ಆದ್ರೆ ಜಾಗ ಅವರು ಆರಿಸಿದ್ದು, ಕಲಿಯಲಿಕ್ಕೆ ಮಾತ್ರ ಆಯ್ತು.

ಸೆಂಟಿನೆಲ್ ಬಳಸಿದವರು ಮ್ಯಾಪಿನ ಕೆಳಗೆ ಇದು ಕೊಪರ್ನಿಕಸ್ ಸೆಂಟಿನೆಲ್ ಡೇಟಾ, ಇಂಥ ವರ್ಷದ್ದು ಅಂತ ಒಂದು ಸಾಲು ಹಾಕ್ಬೇಕು, ಫ್ರೀ ಕೊಟ್ಟವರು ಕೇಳುವುದು ಅಷ್ಟೇ. ಅದರ ಒಟ್ಟಿಗೆ ಪಾಸ್ ಯಾವ ದಿಕ್ಕಿನದ್ದು, ತಾರೀಕು ಸಮಯ ಎಷ್ಟು, ಪೋಲರೈಸೇಶನ್ ಯಾವುದು ಅಂತ ಕೂಡ ಬರೆದು ಬಿಡಿ, ಮುಂದಿನ ಬ್ಯಾಚಿನವರು ನಿಮ್ಮ ರಿಪೋರ್ಟ್ ತೆಗೆದುಕೊಂಡು ನನ್ನ ಹತ್ರ ಬಂದು ಸರ್ ಇದು ಯಾವ ಇಮೇಜ್ ಅಂತ ಕೇಳುವುದು ತಪ್ಪಿದ ಹಾಗಾಗ್ತದೆ.